ಇಪ್ಪತ್ತನೆಯ ಹೆಸರು

ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಲು ನನಗೆ ನಾಲ್ಕು ತಿಂಗಳು ಹಿಡಿಯಿತು. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ನಮ್ಮ ಆಡಿಟರ್ ಅದನ್ನು ಸೋಮಾರಿತನ ಎಂದರು, ನನ್ನ ಹೆಂಡತಿ ಹೇಡಿತನ ಎಂದಳು. ಇಬ್ಬರೊಡನೆಯೂ ವಾದಿಸುವ ಧೈರ್ಯ ನನಗಿಲ್ಲ.

ಚೆನ್ನೈನ ಪುರಸೈವಾಕ್ಕಂನಲ್ಲಿ, ಜವಳಿ ಅಂಗಡಿಗಳ ಹಿಂದಿನ ಓಣಿಯಲ್ಲಿ, ಒಂದು ಮಹಡಿಯ ಮೇಲೆ, ನನ್ನದೊಂದು ಸಣ್ಣ ಕಾರ್ಖಾನೆ ಇದೆ. ಸೀರೆಗೆ ಫಾಲ್ ಹಚ್ಚುವುದು, ಸೆರಗಿಗೆ ಕುಚ್ಚು ಕಟ್ಟುವುದು ನಮ್ಮ ಕಸುಬು. ಶುರುಮಾಡುವಾಗ ಸೂಜಿ ದಾರದ ವಿಷಯ ಕಲಿತರೆ ಸಾಕೆಂದುಕೊಂಡಿದ್ದೆ. ಕಲಿಯಬೇಕಾಗಿ ಬಂದದ್ದು ಬೇರೆಯದೇ ಪಂಚಾಂಗ. ತಿಂಗಳ ಏಳಕ್ಕೆ ಟಿಡಿಎಸ್, ಹದಿನೈದಕ್ಕೆ ಪಿಎಫ್, ಇಪ್ಪತ್ತಕ್ಕೆ ಜಿಎಸ್‌ಟಿ. ಮೈಸೂರಿನಲ್ಲಿ ನಮ್ಮಮ್ಮ ಏಕಾದಶಿ ಮರೆತರೆ ದೇವರು ಸುಮ್ಮನಿರುತ್ತಿದ್ದ. ಈ ದೇವರುಗಳು ಬಡ್ಡಿ ಹಾಕುತ್ತಾರೆ.

ಪಿಎಫ್‌ನ ಮೊದಲ ಪಾಠ ಇಪ್ಪತ್ತು. ಹತ್ತೊಂಬತ್ತು ಜನ ಕೆಲಸಕ್ಕಿರುವ ತನಕ ಅದು ನಿಮ್ಮ ಬಾಗಿಲು ತಟ್ಟುವುದಿಲ್ಲ. ಇಪ್ಪತ್ತನೆಯವರು ಬಂದ ದಿನದಿಂದ ಎಲ್ಲರ ಸಂಬಳದಲ್ಲೂ ಒಂದು ಪಾಲು ಹಿಡಿದು, ನಾವೂ ಅಷ್ಟು ಸೇರಿಸಿ ಕಟ್ಟಬೇಕು. ಆದ್ದರಿಂದಲೇ ನಮ್ಮ ಓಣಿಯ ಯಾವ ಕಾರ್ಖಾನೆಗೆ ಹೋಗಿ ಕೇಳಿದರೂ ಹತ್ತೊಂಬತ್ತೇ ಜನ. ಮಿಕ್ಕವರೆಲ್ಲ ಸುಮ್ಮನೆ ಬಂದು ಕೂತ ನೆಂಟರು.

ನನ್ನ ಇಪ್ಪತ್ತನೆಯವಳು ರತ್ನಮ್ಮ. ಹೊಸೂರಿನ ಕಡೆಯವಳು, ಗಂಡ ಇಲ್ಲ, ಒಬ್ಬಳೇ ಮಗಳು. ಕುಚ್ಚು ಕಟ್ಟುವುದರಲ್ಲಿ ಎತ್ತಿದ ಕೈ. ಅವಳ ಕನ್ನಡದಲ್ಲಿ ಅರ್ಧ ತಮಿಳು, ನನ್ನ ತಮಿಳಿನಲ್ಲಿ ಅರ್ಧ ಕನ್ನಡ. ಇಬ್ಬರೂ ಸೇರಿದರೆ ಒಂದು ಭಾಷೆ ಆಗುತ್ತಿತ್ತು. ನಾನೂ ಓಣಿಯ ಬುದ್ಧಿಯನ್ನೇ ತೋರಿಸಿದೆ. ಸಂಬಳ ಕೈಗೆ ಕೊಡುತ್ತೇನೆ, ಪಟ್ಟಿಯಲ್ಲಿ ಹೆಸರು ಬೇಡ ಎಂದೆ.

"ಅಂಗೆ ವೇಂಡಾ ಸಾರ್," ಎಂದಳು. "ಮನೆ ವಾಡಗೆ ಚೀಟಿ ತಮ್ಮನ ಪೇರಲ್ಲಿ. ಗ್ಯಾಸು ಸತ್ತೋದ ಗಂಡನ ಪೇರಲ್ಲಿ. ನನ್ನ ಪೇರು ಎಲ್ಲೂ ಇಲ್ಲ. ಇಲ್ಲಾದ್ರೂ ಬರೀರಿ. ಆಗಲ್ಲಾಂದ್ರೆ ನಾ ಬರ್ತೀನಿ."

ಬರೆದೆ. ಒಬ್ಬಳ ಹೆಸರಿಗಾಗಿ ಇಪ್ಪತ್ತು ಜನರ ಪಿಎಫ್ ತಲೆಗೆ ಬಂತೆಂದು ಏಳು ವರ್ಷ ಗೊಣಗಿದೆ. ಪ್ರತಿ ಹದಿನೈದಕ್ಕೆ ಅವಳು ನನ್ನ ಕುರ್ಚಿಯ ಹಿಂದೆ ಬಂದು, "ಪೇರು ಇದೆಯಾ ಸಾರ್?" ಎಂದು ಕೇಳಿ, ಇಪ್ಪತ್ತನೆಯ ಸಾಲು ನೋಡಿ, ನಕ್ಕು ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಬರಲಿಲ್ಲ. ಎದೆನೋವು ಎಂದಳಂತೆ, ಆಸ್ಪತ್ರೆ ತಲುಪುವುದರೊಳಗೆ ಎಲ್ಲ ಮುಗಿದಿತ್ತು. ಅರ್ಧ ಕಟ್ಟಿದ ಕುಚ್ಚಿನ ಸೀರೆ ಅವಳ ಜಾಗದಲ್ಲಿ ಹಾಗೇ ಇತ್ತು. ನಾನು ಅತ್ತೆ. ಮಾಲೀಕ ಅಳಬಾರದೆಂದು ಯಾವ ಕಾಯಿದೆಯೂ ಹೇಳುವುದಿಲ್ಲ.

ಅವಳಿಲ್ಲದ ಮೊದಲ ತಿಂಗಳ ಲೆಕ್ಕ ಕೊಡುವ ಹದಿನೈದು ಬಂತು. ಪಟ್ಟಿಯಿಂದ ಹೆಸರು ತೆಗೆಯಬೇಕಾದರೆ ಬಿಟ್ಟ ದಿನ, ಬಿಟ್ಟ ಕಾರಣ ತುಂಬಬೇಕು. ನಿವೃತ್ತಿ, ರಾಜೀನಾಮೆ, ಮರಣ, ಯಾವುದಾದರೂ ಒಂದನ್ನು ಆರಿಸಿ ಗುಂಡಿ ಒತ್ತಬೇಕು. ಒಂದೇ ಒಂದು ಕಡೆ ಇದ್ದ ಅವಳ ಹೆಸರನ್ನು ಅಳಿಸಲು ನನಗೆ ಕೈ ಬರಲಿಲ್ಲ. ಸಂಬಳ ಸೊನ್ನೆ, ಗೈರುಹಾಜರಿಯ ದಿನ ಮೂವತ್ತು ಎಂದು ತುಂಬಿದೆ. ಮರುತಿಂಗಳು ಮೂವತ್ತೊಂದು. ರಜೆಯ ಮೇಲೆ ಊರಿಗೆ ಹೋಗಿದ್ದಾಳೆ ಎಂಬಂತೆ ನಾಲ್ಕು ತಿಂಗಳು ತಳ್ಳಿದೆ. ಇದನ್ನೇ ಪ್ರೀತಿ ಎಂದುಕೊಂಡಿದ್ದೆ.

ಆಮೇಲೆ ಅವಳ ಮಗಳು ಕವಿತಾ ಬಂದಳು. ನರ್ಸಿಂಗ್ ಓದುತ್ತಿದ್ದಾಳೆ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ.

"ಕ್ಲೇಮ್ ತಿರುಪ್ಪಿ ಅನುಪ್ಪಿಟ್ಟಾಂಗ ಅಂಕಲ್. ಅಮ್ಮಾ ಇನ್ನುಂ ವೇಲೈಲ ಇರುಕ್ಕಾಂಗಳಾಂ."

ಅಮ್ಮ ಇನ್ನೂ ಕೆಲಸದಲ್ಲಿದ್ದಾಳಂತೆ, ಅದಕ್ಕೇ ಪಿಎಫ್ ಕಚೇರಿಯಿಂದ ಅರ್ಜಿ ವಾಪಸು ಬಂದಿದೆಯಂತೆ. ತಾಯಿಯ ಪಿಎಫ್‌ನಿಂದ ಮಗಳಿಗೆ ಬರಬೇಕಾದ ವಿಮೆ, ಪಿಂಚಣಿ ಎರಡೂ ನಿಂತಿದ್ದವು. ವಾರದೊಳಗೆ ಫೀಸು ಕಟ್ಟದಿದ್ದರೆ ಕಾಲೇಜಿನವರು ಹೆಸರು ಹೊಡೆದುಹಾಕುತ್ತಾರಂತೆ. ತಾಯಿಯ ಹೆಸರು ಉಳಿಸಲು ಹೋಗಿ ಮಗಳ ಹೆಸರಿಗೆ ಕತ್ತರಿ ಇಟ್ಟಿದ್ದೆ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತುಂಬಿದೆ. ಕಾರಣ: ಸೇವೆಯಲ್ಲಿದ್ದಾಗ ಮರಣ. ಗುಂಡಿ ಒತ್ತಲು ಕ್ಷಣವೂ ಹಿಡಿಯಲಿಲ್ಲ. ಫೀಸನ್ನು ಅಂದೇ ನಾನು ಕಟ್ಟಿದೆ. ಔದಾರ್ಯ ಎನ್ನಬೇಡಿ, ತಡಮಾಡಿದ್ದಕ್ಕೆ ದಂಡ, ಜಿಎಸ್‌ಟಿಯವರು ಹಾಕುತ್ತಾರಲ್ಲ, ಹಾಗೆ. ಕೆಲವು ತಿಂಗಳ ಮೇಲೆ ಪಿಂಚಣಿಯೂ ಬರತೊಡಗಿತು.

ಗುಂಡಿ ಒತ್ತಿದ ಮೇಲಿನ ಮೊದಲ ಹದಿನೈದಕ್ಕೆ ಪಟ್ಟಿಯಲ್ಲಿ ಹತ್ತೊಂಬತ್ತು ಹೆಸರಿತ್ತು. ಕಣ್ಣು ರೂಢಿಯಂತೆ ಇಪ್ಪತ್ತನೆಯ ಸಾಲು ಹುಡುಕಿತು. ನಮ್ಮ ಹಿರಿಯ ಟೈಲರ್ ಸೆಲ್ವಂ ಹಿಂದೆ ಬಂದು ನಿಂತು, ಹತ್ತೊಂಬತ್ತು ಜನ ಆದೆವಲ್ಲ, ಪಿಎಫ್ ಇನ್ನು ನಿಂತುಹೋಗುತ್ತದೆಯೇ ಎಂದು ಅಳುಕುತ್ತ ಕೇಳಿದ.

ಇದು ಆಡಿಟರ್ ಹೇಳಿಕೊಟ್ಟ ಎರಡನೆಯ ಪಾಠ. ಇಪ್ಪತ್ತನೆಯವರು ಬಂದಾಗ ಒಳಗೆ ಬಂದ ಕಾನೂನು, ಅವರು ಹೋದರೆಂದು ಎದ್ದು ಹೋಗುವುದಿಲ್ಲ.

"ನಿಲ್ಲಲ್ಲ ಸೆಲ್ವಂ," ಎಂದೆ. "ಅದು ರತ್ನಮ್ಮ ತಂದದ್ದು. ಇಲ್ಲೇ ಇರುತ್ತೆ."