ನೆಟ್ಟಗೆ ಜೋಡಿಸಿದ ಒಂದೇ ಒಂದು ವ್ಯಾನ್

ಆ ಪಾರ್ಸಲ್ ಕಂಪನಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವನು ನಕ್ಷೆಯಣ್ಣ. ಹದಿನಾಲ್ಕು ವರ್ಷ ವ್ಯಾನ್ ಓಡಿಸಿ, ಊರಿನ ಮೆಟ್ಟಿಲುಗಳನ್ನೆಲ್ಲ ಹತ್ತಿ ಇಳಿದು ಎರಡೂ ಮಂಡಿ ಸವೆದ ಮೇಲೆ ಕಂಪನಿ ಅವನನ್ನು ಗೋದಾಮಿನಲ್ಲಿ ಪೆಟ್ಟಿಗೆ ತುಂಬುವ ಕೆಲಸಕ್ಕೆ ತಳ್ಳಿತು. ಮಂಡಿ ಹೋದರೂ ತಲೆ ಹೋಗಿರಲಿಲ್ಲ. ಯಾವ ಓಣಿ ಶಾಲೆಯ ಹೊತ್ತಿಗೆ ಕಟ್ಟಿಕೊಳ್ಳುತ್ತದೆ, ಯಾವ ಕಟ್ಟಡದ ಲಿಫ್ಟ್ ಹೆಸರಿಗಷ್ಟೇ ಇದೆ, ಯಾವ ಮನೆಯ ಮುದುಕಿ ಹತ್ತು ಗಂಟೆಯಾದ ಮೇಲೆ ಜಪ್ಪಯ್ಯ ಅಂದರೂ ಬಾಗಿಲು ತೆರೆಯುವುದಿಲ್ಲ, ಎಲ್ಲ ಅವನಿಗೆ ಬಾಯಿಪಾಠ.

ಮೂರು ವರ್ಷದ ಹಿಂದೆ ಕಂಪನಿ ದಾರಿ ಹೇಳುವ ಯಂತ್ರವೊಂದನ್ನು ತಂದಿತ್ತು. ಯಾವ ಪೆಟ್ಟಿಗೆ ಮೊದಲು, ಯಾವುದು ಆಮೇಲೆ ಎಂದು ಅದೇ ಅಂಕಿ ಹಾಕುತ್ತಿತ್ತು. ಅದು ನೋಡುವುದು ಇಲ್ಲಿಂದ ಅಲ್ಲಿಗೆ ಎಷ್ಟು ದೂರ ಎಂಬುದನ್ನು ಮಾತ್ರ. ನಡುವೆ ಕಾಲುವೆ ಇದೆ, ಸೇತುವೆಗೆ ಎರಡು ಮೈಲಿ ಸುತ್ತಬೇಕು ಎಂಬುದು ಅದಕ್ಕೆ ತಿಳಿಯದು. ಯಂತ್ರಕ್ಕೇನು, ಅದು ಮೂತ್ರ ಕಟ್ಟಿಕೊಂಡು ವ್ಯಾನ್ ಓಡಿಸಬೇಕೇ?

ಹಾಗಾಗಿ ನಕ್ಷೆಯಣ್ಣ ಬೆಳಿಗ್ಗೆ ಪಾಳಿಗೆ ಅರ್ಧ ಗಂಟೆ ಮುಂಚೆಯೇ ಬಂದು, ಯಂತ್ರ ಕೊಟ್ಟ ಅಂಕಿಯನ್ನು ಮೂಲೆಗೆ ಬಿಟ್ಟು, ಹದಿನಾರು ವ್ಯಾನಿಗೂ ತನ್ನ ಲೆಕ್ಕದಲ್ಲಿ ಸರಕು ತುಂಬಿಸುತ್ತಿದ್ದ. ಕೊನೆಯ ಮನೆಯ ಪೆಟ್ಟಿಗೆ ಒಳಗೆ, ಮೊದಲ ಮನೆಯದು ಬಾಗಿಲ ಬಳಿ. ಚಾಲಕರು ಯಂತ್ರದ ಪರದೆಯನ್ನು ನೋಡದೆ, ಕೈಗೆ ಸಿಕ್ಕ ಪೆಟ್ಟಿಗೆಯ ವಿಳಾಸ ನೋಡಿ ಹೊರಡುತ್ತಿದ್ದರು. ಮ್ಯಾನೇಜರ್ ಗೋದಾಮಿಗೆ ಇಳಿಯುವಷ್ಟರಲ್ಲಿ ವ್ಯಾನುಗಳು ಗೇಟು ದಾಟಿರುತ್ತಿದ್ದವು. ಅವನ ಕಣ್ಣಿಗೆ ಬೀಳುತ್ತಿದ್ದುದು ಸಂಜೆಯ ಪಟ್ಟಿ ಮಾತ್ರ. ವ್ಯಾನಿಗೆ ತೊಂಬತ್ತು ಪೆಟ್ಟಿಗೆ, ತೊಂಬತ್ತೂ ಹೊತ್ತಿಗೆ ಸರಿಯಾಗಿ.

ಚಾಲಕರು ತಮ್ಮ ಕುತ್ತಿಗೆಗೆ ತಾವೇ ಹಗ್ಗ ಹೊಸೆದುಕೊಂಡದ್ದು ಹೀಗೆ. ಪಟ್ಟಿ ನೋಡಿದ ಮೇಲಿನವರು ಯಂತ್ರದ ಬೆನ್ನು ತಟ್ಟಿದರು. ತೊಂಬತ್ತು ನೂರಹತ್ತಾಯಿತು, ನೂರಹತ್ತು ನೂರಮೂವತ್ತಾಯಿತು. ಒಬ್ಬ ಚಾಲಕ ಸಿಗ್ನಲ್ಲಿನಲ್ಲೇ ನಿದ್ದೆ ಹೋಗಿ ಮುಂದಿನ ಬಸ್ಸಿಗೆ ಗುದ್ದಿದ. ಆವತ್ತು ಊಟದ ಬೆಂಚಿನ ಮೇಲೆ ಚಾಲಕರ ನಾಯಕಿ ಎದ್ದು ನಿಂತಳು. ಅವಳ ಗಂಟಲಿಗೆ ಗೋದಾಮಿನ ತಗಡು ಅದುರುವುದರಿಂದ ಅವಳಿಗೆ ಕಹಳೆ ಎಂದೇ ಹೆಸರು.

"ಮುಷ್ಕರ ಗಿಷ್ಕರ ಬೇಡ. ಸೋಮವಾರದಿಂದ ಯಂತ್ರ ಹೇಳಿದ ಹಾಗೇ ಮಾಡೋಣ. ಕಾಲುವೆಗೆ ಹಾರು ಅಂದ್ರೆ ದಡದವರೆಗೂ ಹೋಗಿ ವಾಪಸ್ ಬರೋಣ. ಏನ್ ನಕ್ಷೆಯಣ್ಣ, ನಿನ್ನ ಕೈ ಸುಮ್ನಿರುತ್ತಾ?"

"ಕೈ ಕಟ್ಟಿ ಹಾಕ್ಕೋತೀನಿ ಬಿಡಮ್ಮ," ಎಂದ ಅವನು.

"ಬಾಯಿ?"

"ಅದನ್ನ ಮದುವೆಯಾದಾಗ್ಲೇ ಕಟ್ಟಿದಾರೆ."

ಬೆಂಚಿನವರೆಲ್ಲ ನಕ್ಕರು. ತುದಿಯಲ್ಲಿ ಕೂತಿದ್ದ ಅವನ ಅಳಿಯನೂ ನಕ್ಕ. ಅಳಿಯ ವ್ಯಾನಿಗೆ ಸೇರಿ ಮೂರು ತಿಂಗಳಾಗುತ್ತ ಬಂದಿತ್ತು. ಗುರುವಾರಕ್ಕೆ ಅವನ ಪರೀಕ್ಷೆಯ ಅವಧಿ ಮುಗಿಯುತ್ತಿತ್ತು. ಮುಟ್ಟಿಸಿದ ಪೆಟ್ಟಿಗೆಯ ಲೆಕ್ಕ ಸರಿಯಿದ್ದರೆ ಖಾಯಂ, ಇಲ್ಲದಿದ್ದರೆ ಮನೆಗೆ. ನಕ್ಷೆಯಣ್ಣನ ಮಗಳು ಏಳು ತಿಂಗಳ ಬಸುರಿ, ರಕ್ತದೊತ್ತಡ ಬೇರೆ. ಖಾಯಂ ಆದವರ ಹೆಂಡತಿಗೆ ಮಾತ್ರ ಕಂಪನಿಯ ಆಸ್ಪತ್ರೆ. ಆ ಆಸ್ಪತ್ರೆಯ ಹಾಸಿಗೆಯನ್ನೇ ಮನೆಯವರೆಲ್ಲ ನೆಚ್ಚಿಕೊಂಡಿದ್ದರು.

ಸೋಮವಾರ ವ್ಯಾನುಗಳು ಅರ್ಧ ಸರಕು ಹೊತ್ತು ಹಿಂದಿರುಗಿದವು. ಮಂಗಳವಾರವೂ ಅದೇ ಹಾಡು. ಬುಧವಾರ ಮರಳಿದ ಪೆಟ್ಟಿಗೆಗಳನ್ನು ಇಡಲು ಜಾಗವಿಲ್ಲದೆ ಕೈತೊಳೆಯುವ ಬಚ್ಚಲಿನಲ್ಲೂ ಪೇರಿಸಿದರು. ಮ್ಯಾನೇಜರ್ ಎರಡು ಕಿವಿಗೆ ಎರಡು ಫೋನು ಹಿಡಿದು ಬೆವರುತ್ತಿದ್ದ. ಶುಕ್ರವಾರ ದೊಡ್ಡ ಸಾಹೇಬರೇ ಮಾತುಕತೆಗೆ ಬರುತ್ತಾರೆ ಎಂಬ ಸುದ್ದಿ ಬಂತು. "ಕಂಪನಿಯ ಬಾಲ ಬಾಗಿಲಿಗೆ ಸಿಕ್ಕಿದೆ. ಇನ್ನೆರಡು ದಿನ," ಎಂದಳು ಕಹಳೆ.

ಆದರೆ ಆ ಮೂರೇ ದಿನದಲ್ಲಿ ಅಳಿಯನ ಲೆಕ್ಕ ಗೆರೆಯ ಅಂಚಿಗೆ ಬಂದು ನಿಂತಿತ್ತು. ಗುರುವಾರವೂ ಕೆಟ್ಟರೆ ಮುಗಿಯಿತು.

ಗುರುವಾರ ನಕ್ಷೆಯಣ್ಣ ಬೇಗನೆ ಗೋದಾಮಿಗೆ ಬಂದ. ಹದಿನೈದು ವ್ಯಾನುಗಳ ತಂಟೆಗೆ ಹೋಗಲಿಲ್ಲ. ಅಳಿಯ ಓಡಿಸುವ ಹದಿನಾರನೆಯದರ ಬಾಗಿಲು ತೆಗೆದು, ಒಬ್ಬನೇ, ಮಂಡಿ ಊರಲಾಗದೆ ಕುಂಡೆಯ ಮೇಲೆ ಕೂತು ಜರುಗುತ್ತ, ನೂರಮೂವತ್ತು ಪೆಟ್ಟಿಗೆಗಳನ್ನು ಮತ್ತೆ ಜೋಡಿಸಿದ. ಒಂದು ವ್ಯಾನಿನಿಂದ ಏನು ಮಹಾ ಆಗುತ್ತದೆ ಎಂದುಕೊಂಡ. ಯಾರನ್ನೂ ಕೇಳಲಿಲ್ಲ. ಅಳಿಯನನ್ನೂ ಕೇಳಲಿಲ್ಲ.

ಮಾರನೆಯ ದಿನ ಎಲ್ಲರನ್ನೂ ನಿಲ್ಲಿಸಿಕೊಂಡು ದೊಡ್ಡ ಸಾಹೇಬ ಒಂದು ಹಾಳೆ ಎತ್ತಿ ಹಿಡಿದ.

"ನಿನ್ನೆ ಹದಿನೈದು ಜನ ಅರವತ್ತು ದಾಟಿಲ್ಲ. ಒಬ್ಬ ನೂರಿಪ್ಪತ್ತೆಂಟು ಮುಟ್ಟಿಸಿದಾನೆ. ಸೇರಿ ಮೂರು ತಿಂಗಳು. ಅಂದ್ಮೇಲೆ ಕೆಟ್ಟಿರೋದು ಯಂತ್ರಾನಾ, ನೀವಾ?"

ಎಲ್ಲರ ತಲೆಯೂ ಅಳಿಯನ ಕಡೆ ತಿರುಗಿತು. "ಚಮಚ," ಎಂದಿತು ಹಿಂದಿನಿಂದ ಒಂದು ದನಿ. "ಖಾಯಂ ಆಗ್ಬೇಕಲ್ಲ, ಅದಕ್ಕೇ ನೆಕ್ಕಿದಾನೆ," ಎಂದ ಇನ್ನೊಬ್ಬ. ಕಹಳೆ ಮಾತ್ರ ನೆಟ್ಟ ಕಣ್ಣಿನಿಂದ ನೋಡುತ್ತಿದ್ದುದು ಮಾವನನ್ನು.

ನಕ್ಷೆಯಣ್ಣನಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಅವನಿಗೇ ಗೊತ್ತಾಗಲಿಲ್ಲ.

"ಆ ವ್ಯಾನ್ ಜೋಡಿಸಿದ್ದು ನಾನು," ಎಂದು ಮುಂದೆ ಬಂದ. "ನಿಮ್ಮ ಯಂತ್ರ ಅಲ್ಲ. ಮೂರು ವರ್ಷದಿಂದ ಎಲ್ಲಾ ವ್ಯಾನೂ ನಾನೇ ಜೋಡಿಸ್ತಿದ್ದೆ. ನಿಮ್ಮ ಯಂತ್ರ ಒಂದು ದಿನಾನೂ ನೆಟ್ಟಗೆ ದಾರಿ ಹೇಳಿಲ್ಲ ಸಾಹೇಬ್ರೆ. ಈ ನಾಲ್ಕು ದಿನ ಹೇಳಿದ್ದು ಏನಾಯ್ತು, ಆ ಬಚ್ಚಲು ನೋಡಿ. ಇವನಿಗೆ ಏನೂ ಗೊತ್ತಿಲ್ಲ."

ಮ್ಯಾನೇಜರ್ ತನ್ನ ಬೂಟು ನೋಡತೊಡಗಿದ. ದೊಡ್ಡ ಸಾಹೇಬ ದಡ್ಡನಲ್ಲ, ಅರ್ಥವಾಗಲು ಬಹಳ ಹೊತ್ತು ಹಿಡಿಯಲಿಲ್ಲ. ಸರಕಿನ ಕ್ರಮ ಬದಲಿಸುವುದು ನಿಯಮಕ್ಕೆ ವಿರುದ್ಧ ಎಂದ. ಇವತ್ತೇ ಕಂಪನಿಯ ಬಟ್ಟೆ ಕಳಚಿಟ್ಟು ಹೋಗು ಎಂದ. ಆಮೇಲೆ ಅಳಿಯನ ಕಡೆ ತಿರುಗಿ ಕೊಂಚ ಮೆತ್ತಗೆ ಕೇಳಿದ:

"ನಿನಗೆ ಗೊತ್ತಿರಲಿಲ್ಲ ಅಲ್ವಾ? ಗೊತ್ತಿರಲಿಲ್ಲ ಅಂದ್ರೆ ನಿನ್ನ ಲೆಕ್ಕ ನಿನಗೇ."

ಹೇಳಬೇಕಾದ್ದು ಒಂದೇ ಮಾತು.

"ಗೊತ್ತಿತ್ತು ಸಾರ್," ಎಂದ ಅಳಿಯ. "ಎರಡನೇ ಮನೆಯಲ್ಲೇ ಗೊತ್ತಾಯ್ತು."

ಸಂಜೆಯ ಹೊತ್ತಿಗೆ ಮಾತುಕತೆಯಲ್ಲಿ ನೂರಮೂವತ್ತು ನೂರೈದಕ್ಕೆ ಇಳಿದದ್ದು ನಿಜ. ಆದರೆ ಅದನ್ನು ಕೇಳಲು ಕೆಲಸ ಕಳೆದುಕೊಂಡ ಅವರಿಬ್ಬರೂ ಅಲ್ಲಿರಲಿಲ್ಲ. ಅವರು ಹೊರಟಾಗ ಗೇಟಿನವರೆಗೆ ಬಂದ ಕಹಳೆ, "ನನ್ನನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ ಅಣ್ಣ. ಎಲ್ಲರೂ ಸೇರಿ ನಿನ್ನ ಅಳಿಯಂಗೆ ಏನಾದ್ರೂ ದಾರಿ ನೋಡ್ತಿದ್ವಿ," ಎಂದಷ್ಟೇ ಹೇಳಿ ಹಿಂದಿರುಗಿದಳು. ಅವಳ ದನಿ ಅಷ್ಟು ತಗ್ಗಿದ್ದನ್ನು ಅವನು ಎಂದೂ ಕೇಳಿರಲಿಲ್ಲ.

ಬಸ್ಸಿನಲ್ಲಿ ಅವನು ಅಳಿಯನ ಮೇಲೆ ಹರಿಹಾಯ್ದ. "ಗೊತ್ತಿಲ್ಲ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ನನ್ನ ಕೆಲಸ ಹೇಗೂ ಹೋಗಿತ್ತು. ನಿಂದೂ ಯಾಕೆ ಕಳ್ಕೊಂಡೆ?"

"ನಾಳೆಯಿಂದ ಆ ಬೆಂಚಲ್ಲಿ ಕೂತು ಉಣ್ಣಬೇಕಿದ್ದೋನು ನಾನು ಮಾವ, ನೀವಲ್ಲ."

"ಹಂಗಾದ್ರೆ ಎರಡನೇ ಮನೇಲೇ ಎಲ್ಲಾ ಕೆಡವಿ ಹಾಕ್ಬೇಕಿತ್ತು."

"ಕೆಡವೋಣ ಅಂತ ವ್ಯಾನ್ ನಿಲ್ಲಿಸ್ದೆ. ನಿಮ್ಮ ಮಗಳ ಮುಖ ಕಣ್ಮುಂದೆ ಬಂತು. ನಿಮಗೂ ಹಂಗೇ ಬಂದಿರ್ಬೇಕು."



ಮಗಳು ಬಾಗಿಲು ತೆರೆದು ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದಳು. ಅಳಿಯ ಬಾಯಿ ತೆರೆಯುವಷ್ಟರಲ್ಲಿ, "ನಾನು ಹೇಳ್ತೀನಿ, ನೀನು ಸುಮ್ನಿರು," ಎಂದ ನಕ್ಷೆಯಣ್ಣ. ಚಪ್ಪಲಿಯನ್ನೂ ಬಿಡದೆ, ಹೊಸ್ತಿಲ ಮೇಲೆ ನಿಂತೇ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದ. ಅವಳು ಗೋಡೆ ಹಿಡಿದು ಕೇಳಿಸಿಕೊಂಡಳು. ಅಳಲಿಲ್ಲ.

"ಆಸ್ಪತ್ರೆ?" ಎಂದಳು ಕೊನೆಗೆ.

"ಸರ್ಕಾರಿ ಆಸ್ಪತ್ರೆಗೆ ಬೆಳಿಗ್ಗೆ ಹೋಗಿ ಸಾಲಲ್ಲಿ ನಿಲ್ತೀನಿ ಕಣಮ್ಮ."

"ಆ ಮಂಡಿ ಇಟ್ಕೊಂಡಾ?" ಎಂದು ಅವಳು ಒಳಗೆ ಹೋದಳು. ಬಾಗಿಲನ್ನು ಮುಚ್ಚಲೂ ಇಲ್ಲ, ಅವರನ್ನು ಬನ್ನಿ ಎಂದು ಕರೆಯಲೂ ಇಲ್ಲ.