ಹಳ್ಳದಾಚೆಗೊಂದು ಚೆಂಡು

ನಮ್ಮ ಕಾಕಾನ ಗಾಲ್ಫ್ ಮೈದಾನವೆಂದರೆ ಬ್ಯಾಡಗಿಯ ಹೊರಗೆ ಮೆಣಸಿನಕಾಯಿ ಒಣಗಿಸುವ ಕಣ. ಸುಗ್ಗಿಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಕೆಂಪಗೆ ಹರವಿರುತ್ತಿದ್ದ ಆ ನೆಲ ಸೀಸನ್ನು ಮುಗಿದ ಮೇಲೆ ಯಾರಿಗೂ ಬೇಡವಾಗಿ ಬಿದ್ದಿರುತ್ತಿತ್ತು. ಅದರ ಅಂಚಿಗೆ ಒಂದು ಒಣ ಹಳ್ಳ, ಹಳ್ಳದ ತುಂಬ ಜಾಲಿ ಮುಳ್ಳು, ಆಚೆ ದಡದಲ್ಲಿ ಹತ್ತಿ ಹೊಲ. ಹೊಡೆದ ಚೆಂಡು ಆ ಹಳ್ಳ ದಾಟಬೇಕು, ಅಷ್ಟೇ ಅವನ ಆಸೆ. ಅದು ಕುಳಿಗೆ ಚೆಂಡು ಹಾಕುವ ಆಟ ಎಂದು ನಾನು ಹೇಳಿದರೆ, "ಕುಳಿ ಯಾರಿಗೆ ಬೇಕ? ಗೋಟಿ ಆಡಾಕ ನಾ ಏನ ಸಣ್ಣ ಹುಡುಗನಾ?" ಎನ್ನುತ್ತಿದ್ದ.

ಕಾಕಾ ನನ್ನ ಅಪ್ಪನ ತಮ್ಮ. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಗಾಡಿ ಓಡಿಸುತ್ತಿದ್ದ. ಅಲ್ಲಿನ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ಮನೆ ಖಾಲಿ ಮಾಡಿ, ಒಂದು ಗಾಲ್ಫ್ ಕೋಲನ್ನೂ ಒಂದು ಡಬ್ಬಿ ಚೆಂಡನ್ನೂ ಇವನ ಕೈಗಿತ್ತು ಹೋದರು. ಮೊದಲ ದಿನ ಕಾಕಾ ಗತ್ತಿನಿಂದ ಬೀಸಿದ ಹೊಡೆತಕ್ಕೆ ಚೆಂಡು ಮೇಲೇಳಲಿಲ್ಲ, ನೆಲದಲ್ಲಿದ್ದ ಖಾರವೆಲ್ಲ ಎದ್ದಿತು. ಅವನು ಸೀನಿದ, ನಾನು ಸೀನಿದೆ, ದಾರಿಯಲ್ಲಿ ಹೋಗುತ್ತಿದ್ದ ಎಮ್ಮೆಯೂ ಸೀನಿತು. ಅಂದಿನಿಂದ ಆಟಕ್ಕೆ ಮುಂಚೆ, ಮನೆಯಂಗಳಕ್ಕೆ ಹೊಡೆದಂತೆ, ಅಲ್ಲಿಗೂ ಒಂದು ಬಕೆಟ್ ನೀರು ಚಿಮುಕಿಸುವ ರೂಢಿಯಾಯಿತು. ಬೇರೆ ಯಾವ ಊರಿನ ಗಾಲ್ಫಿನವರಿಗೂ ಈ ಕೆಲಸ ಇರಲಿಕ್ಕಿಲ್ಲ.

ಅವನ ತೋಳಿಗೆ ಬಲವೇನೂ ಕಡಿಮೆಯಿರಲಿಲ್ಲ. ಆ ಬಲವೇ ಮುಳುವಾಯಿತು. ಸ್ಟೇರಿಂಗ್ ಹಿಡಿದಂತೆ ಕೋಲನ್ನು ಬಿಗಿಹಿಡಿದು, ಹಲ್ಲು ಕಚ್ಚಿ, ಬರೀ ಕೈಯಿಂದ ಹೊಡೆಯುತ್ತಿದ್ದ. ಆಮೇಲೆ ಫೋನಿನಲ್ಲಿ ವಿಡಿಯೋ ನೋಡುವ ಚಟ ಹತ್ತಿತು. ಮೈಯೆಲ್ಲ ಒಂದೇ ಸಲಕ್ಕೆ ತಿರುಗಬಾರದಂತೆ. ಮೊದಲು ಭಾರ ಎಡಗಾಲಿಗೆ ಹೊರಳಬೇಕು. ಆಮೇಲೆ ಸೊಂಟ, ಅದರ ಹಿಂದೆ ಭುಜ, ಭುಜದ ಹಿಂದೆ ತೋಳು, ಕಟ್ಟಕಡೆಗೆ ಮಣಿಕಟ್ಟು. ಒಂದೊಂದೂ ತನ್ನ ವೇಗವನ್ನು ಮುಂದಿನದಕ್ಕೆ ದಾಟಿಸಿ ತಾನು ನಿಧಾನವಾಗುತ್ತದೆ, ಹಾಗಾಗಿ ಎಲ್ಲಕ್ಕಿಂತ ತಡವಾಗಿ ಬರುವ ಕೋಲಿನ ತುದಿಗೇ ಎಲ್ಲಕ್ಕಿಂತ ಹೆಚ್ಚು ವೇಗ. ಕಾಕಾ ಇದನ್ನು ಊಟಕ್ಕೆ ಕುಳಿತಾಗಲೂ ಹೇಳುತ್ತಿದ್ದ. "ಟೊಂಕ ಮುಂದ, ಕೈ ಹಿಂದ. ತಿಳೀತಿಲ್ಲೋ?" ಹೇಳಲು ಬರುತ್ತಿತ್ತು, ಮಾಡಲು ಬರುತ್ತಿರಲಿಲ್ಲ. ಚೆಂಡು ಹೋಗಿ ಹಳ್ಳದ ಮುಳ್ಳಿನಲ್ಲೇ ಬೀಳುತ್ತಿತ್ತು. ಅದನ್ನು ತರಲು ಬೇರೆಯವರನ್ನು ಬಿಡುತ್ತಿರಲಿಲ್ಲ. ಪ್ಯಾಂಟು ಮಡಚಿ, ಏನೋ ಗುನುಗುತ್ತ ತಾನೇ ಇಳಿದು ಹೋಗುತ್ತಿದ್ದ. ಅವನ ಆ ನಡಿಗೆ ನನಗೆ ಹೊಡೆತಕ್ಕಿಂತ ಚೆಂದ ಕಾಣುತ್ತಿತ್ತು. ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಹೋದ ವರ್ಷ ಅವನ ಸೊಂಟದ ಕೀಲು ಬದಲಿಸಿದರು. ಚೆನ್ನಾಗಿ ನಡೆಯಿರಿ, ಆದರೆ ಮೈ ತಿರುಚುವ ಆಟ ಬೇಡ ಎಂದರು ಡಾಕ್ಟರು. ಕಾಕಾ ಎರಡನ್ನೂ ಬಿಟ್ಟ. ಕುರ್ಚಿ ಹಿಡಿದು ಕುಳಿತವನು ಏಳಲೇ ಒಲ್ಲ. ಕೂತೇ ಇದ್ದರೆ ಮುಂದೆ ಕಾಲು ಮಾತು ಕೇಳುವುದಿಲ್ಲ ಎಂದು ಡಾಕ್ಟರು ಹೆದರಿಸಿದ್ದೂ ಆಯಿತು. ನಾನು ಹಾವೇರಿಯಿಂದ ಪ್ರತಿ ಭಾನುವಾರ ಬಸ್ಸು ಹಿಡಿದು ಬಂದು ಬೈಯುವುದು, ಅವನು ಕಿವುಡನಂತೆ ಕೂರುವುದು. ನನಗೆ ಸಿಟ್ಟು ಬೇಗ ಬರುತ್ತದೆ. ಆ ಸಿಟ್ಟಿನ ಒಳಗೆ ಹೆದರಿಕೆಯೇ ತುಂಬಿತ್ತು. ಒಂದು ಸಲ ನನ್ನ ಕಾಟ ತಾಳದೆ, "ಚೆಂಡ ಹಳ್ಳ ದಾಟಿದ ದಿನಾ ನಡೀತೇನಿ. ಈಗ ಸುಮ್ನಿರ ನಮ್ಮವ್ವಾ" ಎಂದ.

ಸರಿ, ಆ ಮಾತನ್ನೇ ಹಿಡಿದೆ. ಅವನನ್ನು ಆಟೋದಲ್ಲಿ ಕೂರಿಸಿ ಕಣಕ್ಕೆ ಕರೆದೊಯ್ದು, ಪ್ಲಾಸ್ಟಿಕ್ ಕುರ್ಚಿ ಹಾಕಿ, ನಾನೇ ಕೋಲು ಹಿಡಿದೆ. ಭಾನುವಾರಗಳು ಹೋದವು. ಚೆಂಡುಗಳು ಒಂದೊಂದಾಗಿ ಮುಳ್ಳಿನ ಪಾಲಾಗಿ ಕೊನೆಗೆ ಒಂದೇ ಉಳಿಯಿತು. ಕಾಕಾ ಕುರ್ಚಿಯಿಂದಲೇ "ಟೊಂಕ, ಟೊಂಕ" ಎಂದು ಕೂಗುವನು. ನಾನೂ ಅವನ ವಂಶವೇ ಅಲ್ಲವೇ, ಕೈಯೇ ಮುಂದೆ ಓಡುತ್ತಿತ್ತು.

ಆವತ್ತು ಅವ್ವನೂ ಬಂದಿದ್ದಳು. ನೀರು ಚಿಮುಕಿಸಿ, ಖಾಲಿ ಬಕೆಟ್ಟು ಹಿಡಿದು ನಿಂತು ನಕ್ಕಳು. "ಅಯ್ಯ, ಕೌದಿ ಹಿಂಡೂ ಹಂಗ ಹಿಡದೀಯಲ್ಲ ಅದನ್ನ!"

ಕೌದಿ ಎಂದದ್ದೇ ತಡ, ಈ ಹಳ್ಳದಲ್ಲಿ ನೀರು ಹರಿಯುತ್ತಿದ್ದ ದಿನಗಳು ನೆನಪಾದವು. ಹಳೇ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ನೀರು ಕುಡಿದರೆ ಹೆಣಭಾರ. ಬರೀ ತೋಳಿನಿಂದ ಎತ್ತಿ ಬಡಿಯುವುದು ಆಗದ ಮಾತು. ನಾನು ಅವ್ವನ ಪಕ್ಕದ ಕಲ್ಲಿನಲ್ಲಿ ನಿಂತು ಒಗೆಯುತ್ತಿದ್ದೆ. ಭಾರ ಬಲಗಾಲಿನಿಂದ ಎಡಗಾಲಿಗೆ ಹೊರಳುತ್ತಿತ್ತು, ಸೊಂಟ ತಿರುಗುತ್ತಿತ್ತು, ತೋಳು ಸುಮ್ಮನೆ ಹಿಂದೆ ಬರುತ್ತಿತ್ತು, ಕೌದಿಯ ತುದಿ ಎಲ್ಲಕ್ಕಿಂತ ಕಡೆಗೆ ಬಂದು ಕಲ್ಲಿಗೆ ಫಟ್ಟೆಂದು ಬೀಳುತ್ತಿತ್ತು. ಒದ್ದೆ ಬಟ್ಟೆಯ ಆ ವಾಸನೆ, ಅವ್ವನ ಕಲ್ಲಿನ ಸದ್ದಿಗೆ ನನ್ನ ಕಲ್ಲಿನ ಸದ್ದು ಸೇರುತ್ತಿದ್ದ ಆ ಖುಷಿ, ಎಲ್ಲ ಒಟ್ಟಿಗೆ ಮರಳಿ ಬಂತು. ಈಗ ಮನೆಯಲ್ಲಿ ಮಷೀನಿದೆ, ಕೌದಿಗಳಿಲ್ಲ.

ಬೆರಳು ಸಡಿಲಿಸಿದೆ. ಚೆಂಡು, ಹಳ್ಳ, ಕಾಕಾ ಯಾವುದನ್ನೂ ಯೋಚಿಸದೆ, ಕೌದಿ ಒಗೆಯಲು ನಿಂತಂತೆ ನಿಂತು ಬೀಸಿದೆ. ಕೈಗೆ ಏನೂ ತಗುಲಿದಂತೆಯೇ ಆಗಲಿಲ್ಲ. ಸಣ್ಣದೊಂದು ಸದ್ದು, ಅಷ್ಟೇ. ತಲೆ ಎತ್ತಿದಾಗ ಚೆಂಡು ಜಾಲಿಯ ಮೇಲಿಂದ ಹೋಗುತ್ತಿತ್ತು. ಹತ್ತಿ ಹೊಲದಲ್ಲಿ ಬಿತ್ತು.

ಕಾಕಾನ ಕಣ್ಣು ತುಂಬಿತ್ತು. ಖಾರ ಹೊಕ್ಕಿತು ಎನ್ನಲು ಅವತ್ತು ಧೂಳೂ ಎದ್ದಿರಲಿಲ್ಲ. ನಾನು ಹೊಲದತ್ತ ಹೊರಟೆ.

"ನಿಂದ್ರ. ನಿನಗ ಸಿಗೂದಿಲ್ಲ, ಬಿದ್ದ ಜಾಗಾ ನಾ ನೋಡೇನಿ."

ಕುರ್ಚಿಯ ಕೈ ಒತ್ತಿ ಎದ್ದ. ಕೋಲು ಕೇಳಿ ಇಸಿದುಕೊಂಡು ನೆಲಕ್ಕೂರಿದ. ಹಳ್ಳಕ್ಕೆ ಸಣ್ಣದೊಂದು ಸೇತುವೆಯಿದೆ, ಸ್ವಲ್ಪ ಸುತ್ತು. ಹಿಡಿಯಲು ಹೋದ ನನ್ನ ಕೈಯನ್ನು ಕೊಡವಿ ಮುಂದೆ ನಡೆದ. ನಿಲ್ಲುತ್ತ, ಉಸಿರು ತೆಗೆದುಕೊಳ್ಳುತ್ತ ನಡೆದ. ಸೇತುವೆಯ ನಡುವೆ ಗುನುಗುವುದು ಕೇಳಿಸಿತು.

ಚೆಂಡು ನಿಜವಾಗಿಯೂ ಅವನು ಹೇಳಿದ ಸಾಲಿನಲ್ಲೇ ಇತ್ತು. ನಾನು ಬಗ್ಗಿ ಅದನ್ನು ಎತ್ತಿ ಅವನ ಅಂಗೈಗಿಟ್ಟೆ. ಮಣ್ಣು ಒರೆಸುತ್ತ ನಾವು ಬಂದ ದಾರಿಯನ್ನೂ, ಆಚೆ ಕಣದಲ್ಲಿ ಸಣ್ಣದಾಗಿ ಕಾಣುತ್ತಿದ್ದ ತನ್ನ ಖಾಲಿ ಕುರ್ಚಿಯನ್ನೂ ನೋಡಿದ.

"ಬರೂ ಐತವಾರ ಇಲ್ಲಿಂದ ಆ ಕಡೆ ಹೊಡಿ," ಎಂದ. "ನಾ ಹೋಗಿ ತರತೇನಿ."