ಬಾನಕ್ಕನ ಹಳೇ ಕ್ಯಾಲೆಂಡರು

ಬೆಳಗಿನ ಆರೂವರೆ. ಕೊಪ್ಪಳದ ಕೋರ್ಟಿನ ಗೇಟು ಇನ್ನೂ ಆಕಳಿಸುತ್ತಿದೆ. ಎದುರಿನ ಬೇವಿನ ಮರದ ಕೆಳಗೆ ಹೀರೋಯಿನ್ ಎಂಟ್ರಿ. ಸ್ಲೋ ಮೋಷನ್ ಇಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಕೈಯಲ್ಲಿ ಕಸಬರಿಗೆ, ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು, ಬಗಲಲ್ಲಿ ಸುರುಳಿ ಸುತ್ತಿದ ಕ್ಯಾಲೆಂಡರು. ಐವತ್ನಾಲ್ಕರ ಇಮಾಮಬಾನು ನೆಲ ಗುಡಿಸಿ, ಟೇಬಲ್ಲು ಒರೆಸಿ, ಮರದ ಮೊಳೆಗೆ ಕ್ಯಾಲೆಂಡರು ನೇತುಹಾಕುತ್ತಾರೆ. ಕೋರ್ಟಿನ ರಜೆಗಳಿಗೆಲ್ಲ ಅದರಲ್ಲಿ ಕೆಂಪು ಸುತ್ತು. ಖಾನೆಗಳಲ್ಲಿ ಆಯಾ ದಿನ ಟೇಬಲ್ಲಿಗೆ ಬಂದವರ ಹೆಸರು, ಇರುವೆ ಸಾಲಿನಂಥ ಅಕ್ಷರದಲ್ಲಿ.

ಬಾನಕ್ಕ ಟೈಪಿಸ್ಟು. ಇಪ್ಪತ್ತೆರಡು ವರ್ಷದಿಂದ ಇದೇ ಮರ, ದಿನಕ್ಕೆ ನಲವತ್ತು ಪುಟ. ಮುಂಚೆ ಇಲ್ಲಿ ಅವರ ತಂದೆ ಮಕ್ಬುಲಸಾಬರ ಟೈಪ್‌ರೈಟರು ಟಕಟಕ ಅನ್ನುತ್ತಿತ್ತು. ಮಗಳಿಗೆ ಅವರು ಬಿಟ್ಟುಹೋದದ್ದು ಎರಡು ಚಟ: ಕ್ಯಾಲೆಂಡರಿನಲ್ಲಿ ಹೆಸರು ಬರೆಯುವುದು, ಪ್ರತಿ ಕಾಗದದ ಕೊನೆಗೆ ‘ಬಿಕ್ಕಲಂ’, ಅಂದರೆ ಬರೆದ ಕೈ ಇಂಥವರದು ಎಂದು, ತಮ್ಮ ಹೆಸರು ಹಾಕುವುದು. ಹಳೇ ಕ್ಯಾಲೆಂಡರುಗಳು ಮನೆಯ ಟ್ರಂಕಿನಲ್ಲಿ ಭದ್ರವಾಗಿವೆ. "ನಮ್ಮನಿಯವ್ರು ರದ್ದಿಗೆ ಹಾಕು ಅಂತಾರ. ಅವ್ರನ್ನ ಹಾಕಿದ್ರೂ ಇವನ್ನ ಹಾಕಂಗಿಲ್ಲ ಅಂತೀನಿ," ಎಂದು ನಗುತ್ತಾರೆ.

ಟೈಪಿಸ್ಟರಿಗೆ ಕೆಲಸ ಕೊಡುವವರೆಲ್ಲ ವಕೀಲರೇ. ಹಾಗಾಗಿ ವಕೀಲರ ಮೇಲಿನ ದೂರನ್ನು ಇಲ್ಲಿ ಯಾವ ಟೈಪಿಸ್ಟೂ ಮುಟ್ಟುವುದಿಲ್ಲ. ಬಾನಕ್ಕನೂ ಮುಟ್ಟಿರಲಿಲ್ಲ, ಮೂರು ವರ್ಷದ ಹಿಂದೆ ಯಮನೂರಮ್ಮ ಬರುವವರೆಗೆ.

ಯಮನೂರಮ್ಮ ಕುಷ್ಟಗಿ ಕಡೆಯ ಅರವತ್ತೈದರ ಹೆಣ್ಣುಮಗಳು. ಕೊಪ್ಪಳದ ಹತ್ತಿರ ತವರು. ತವರಿನ ಹೊಲದಲ್ಲಿ ಪಾಲು ಕೇಳಿ ಕೇಸು ಹಾಕಿದ್ದರು. ವಕೀಲರು ತಾರೀಖು ಚೀಟಿ ಕೊಡುತ್ತಿದ್ದರು, ಇವರು ಬಸ್ಸು ಹತ್ತಿ ಬರುತ್ತಿದ್ದರು. ಬಂದಾಗಲೆಲ್ಲ ‘ಇವತ್ತು ಜಡ್ಜ್ ರಜಾ’ ಎಂಬ ಒಂದೇ ಡೈಲಾಗು. ಆ ದಿನ ಎಲೆ ಅಡಿಕೆ ಸಂಚಿಯಿಂದ ಇಪ್ಪತ್ತಾರು ಚೀಟಿ ಟೇಬಲ್ಲಿಗೆ ಸುರಿದರು. ಬಾನಕ್ಕ ಮೊಬೈಲಿನಲ್ಲಿ ಕೇಸಿನ ನಂಬರು ಹಾಕಿ ನೋಡಿದರೆ, ಯಾರೂ ಹಾಜರಾಗಿಲ್ಲವೆಂದು ಕೇಸು ಎರಡು ವರ್ಷದ ಹಿಂದೆಯೇ ವಜಾ. ಸತ್ತ ಕೇಸಿಗೆ ತಾರೀಖು ಹುಟ್ಟುತ್ತಲೇ ಇತ್ತು.

"ಹಲ್ಕಟ್ ಅಂತ ಬರಿ ಬಾನು. ದಪ್ಪ ಅಕ್ಷರದಾಗ ಬರಿ," ಎಂದರು ಯಮನೂರಮ್ಮ.

"ಬೈಗಳ ಬ್ಯಾಡಬೇ. ತಾರೀಖು ಅಷ್ಟ ಬರಿಯೂಣು. ಅವ ಭಾಳ ಬೈತಾವ."

ರಾಜ್ಯದ ವಕೀಲರ ಪರಿಷತ್ತಿಗೆ ಹೋಗುವ ದೂರು ನಾಲ್ಕು ಪುಟವಾಯಿತು. ಪಕ್ಕದ ಟೇಬಲ್ಲಿನ ಸಾದಿಕ ಬಗ್ಗಿ ನೋಡಿ ಗಾಬರಿಯಾದರು. ಯಾಕೆಂದರೆ ಬಾನಕ್ಕನ ಅರ್ಧ ಕೆಲಸ ಕೊಡುತ್ತಿದ್ದವರು ಅದೇ ವಕೀಲರು. "ಆಪಾ, ಬಿಕ್ಕಲಂ ಒಂದ ತಗೀರಿ. ಇಲ್ಲಂದ್ರ ನಾಳಿಂದ ನಿಮ್ಮ ಟೇಬಲ್ಲಿಗೆ ಕಾಗಿ ಸೈತ ಬರಂಗಿಲ್ಲ."

ಬಾನಕ್ಕ ತೆಗೆಯಲಿಲ್ಲ. ಕಾರಣ ಟ್ರಂಕಿನಲ್ಲಿತ್ತು. ಚೀಟಿಗಳ ಜೊತೆ ಹಳೇ ಕ್ಯಾಲೆಂಡರು ಹೊಂದಿಸಿದರೆ ಮೂರು ತಾರೀಖು ಕೆಂಪು ಸುತ್ತಿನೊಳಗಿದ್ದವು. ಒಂದು ಬೇಸಿಗೆ ರಜೆಯ ಮೇ ಹನ್ನೆರಡು; ರಜೆಯಲ್ಲೂ ಬಾನಕ್ಕ ಟೇಬಲ್ಲು ಹಾಕುತ್ತಾರೆ. ಆ ಖಾನೆಯಲ್ಲಿ ಅವರದೇ ಅಕ್ಷರ: ‘ಯಮನೂರಮ್ಮ, ಕುಷ್ಟಗಿ. ನೀರು ಕುಡಿದು ಹೋದಳು.’

"ಕೋರ್ಟ್ ಮುಚ್ಚಿದ ದಿನ ಎದಕ್ಕ ಬಂದಿಯಬೇ ಅಂತ ಆವತ್ತ ಕೇಳಬೇಕಿತ್ತು ನಾನು. ನೀರು ಕೊಟ್ಟು ಸುಮ್ನಾದೆ. ಕೇಳಿದ್ರ ಒಂದು ವರ್ಷ ಮೊದ್ಲ ತಿಳೀತಿತ್ತು. ಇನ್ನ ಹೆಸರೂ ಮುಚ್ಚಿಡ್ಲಿ ಏನ್ರಿ?"

ಸಾದಿಕರ ಮಾತು ನಿಜವಾಯಿತು, ಉಳಿದ ವಕೀಲರೂ ಕೆಲಸ ನಿಲ್ಲಿಸಿದರು. ನಲವತ್ತು ಪುಟ ಆರಕ್ಕೆ ಇಳಿಯಿತು. ಎಂಟು ತಿಂಗಳು ಬಾನಕ್ಕ ರೇಷನ್ ಕಾರ್ಡಿನ ಅರ್ಜಿ ಟೈಪಿಸಿದರು. ಆಮೇಲೆ ಬೆಂಗಳೂರಿನಲ್ಲಿ ಪರಿಷತ್ತಿನ ಶಿಸ್ತು ಸಮಿತಿಯ ಮುಂದೆ ಕ್ಲೈಮ್ಯಾಕ್ಸು. ‘ಈಕೆ ಬರಲೇ ಇಲ್ಲ, ಚೀಟಿ ನನ್ನವಲ್ಲ’ ಎಂದರು ವಕೀಲರು. ಸಾಕ್ಷಿಗೆ ಹೋಗಿದ್ದ ಬಾನಕ್ಕ ಫೈಟೂ ಮಾಡಲಿಲ್ಲ, ಪಂಚಿಂಗ್ ಡೈಲಾಗೂ ಹೊಡೆಯಲಿಲ್ಲ. ಕ್ಯಾಲೆಂಡರು ಬಿಡಿಸಿ ಮೇ ಹನ್ನೆರಡರ ಮೇಲೆ ಬೆರಳಿಟ್ಟರು. "ಬಾ ಅಂದೋರು ಇಲ್ಲದ, ರಜಾ ದಿನ ಈಕಿ ಎದಕ್ಕ ಬರ್ತಾಳ್ರಿ?"

ವಕೀಲರ ಸನ್ನದು ಎರಡು ವರ್ಷ ಅಮಾನತಾಯಿತು. ಅವರ ಹೆಸರು ಕೇಳಿದರೆ ಬಾನಕ್ಕ ತಲೆಯಾಡಿಸುತ್ತಾರೆ. "ಬ್ಯಾಡ್ರಿ. ಶಿಕ್ಷಾ ಆಗೇತಿ, ಅವ್ರ ಮನ್ಯಾಗೂ ಮಕ್ಕಳದಾವ."

ಮೊದಲು ಟೇಬಲ್ಲಿಗೆ ಮರಳಿದವರು ಹಿರಿಯ ವಕೀಲ ಅಬ್ದುಲರೌಫ. ಯಮನೂರಮ್ಮನ ಕೇಸಿಗೆ ಮತ್ತೆ ಜೀವ ಕೊಡಿಸಿದವರೂ ಅವರೇ. "ಒಬ್ಬಾಂವ ಸುಳ್ಳು ತಾರೀಖು ಕೊಟ್ರ, ನಮ್ಮ ಖರೇ ತಾರೀಖೂ ಯಾರೂ ನಂಬಂಗಿಲ್ಲ. ಬಾನು ನಮ್ಮ ಮಾನಾನೂ ಉಳಿಸ್ಯಾಳ," ಎನ್ನುತ್ತಾರೆ. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಪುಟಗಳು ಮತ್ತೆ ನಲವತ್ತಕ್ಕೆ ಬಂದಿವೆ.

ಅಷ್ಟರಲ್ಲಿ ಮೊದಲ ಬಸ್ಸಿನ ಮಂದಿ. ಮುಂದೆ ಯಮನೂರಮ್ಮ, ಕೈಯಲ್ಲಿ ಚೀಟಿ. "ರೌಫ್ ಸಾಹೇಬ್ರು ಇವತ್ತಿನ ತಾರೀಖು ಕೊಟ್ಟಾರ. ಖರೇ ಐತೇನ ನೋಡವಾ."

ಬಾನಕ್ಕ ಕನ್ನಡಕ ಏರಿಸಿ, ಚೀಟಿ ನೋಡಿ, ಕ್ಯಾಲೆಂಡರು ನೋಡುತ್ತಾರೆ. "ಗುರುವಾರ. ಕೋರ್ಟ್ ಐತಿ, ಜಡ್ಜೂ ಅದಾರ. ಹೋಗು, ಚಾ ಕುಡುದು ಬಾ."

ಇವತ್ತಿನ ಖಾನೆಯಲ್ಲಿ ಮೊದಲ ಹೆಸರು ಬೀಳುತ್ತದೆ. ಆಸೆ ಏನೆಂದು ಕೇಳಿದರೆ ಪೆನ್ನಿನ ಮುಚ್ಚಳ ಹಾಕುತ್ತಲೇ ಉತ್ತರ:

"ವಕೀಲರ ಮ್ಯಾಲ ದೂರು ಬರಸೂ ವ್ಯಾಳೆ ಯಾರಿಗೂ ಬರೋದು ಬ್ಯಾಡ್ರಿ. ಬಂದ್ರ ನನ್ನ ಟೇಬಲ್ಲಿಗೇ ಬರಲಿ. ಕೆಳಗ ನನ್ನ ಹೆಸರು ಇರತೈತಿ."